ಡೋಪಿಂಗ್ ಅಂತ ಸುಳ್ಳು ಹೊರಿಸಿದಾಗ: ಕೋರ್ಟ್ ಮೆಟ್ಟಿಲು ಹತ್ತುವ ಮೊದಲು ಮಾಡಬೇಕಾದ್ದು

ಒಂದು ಸಂಜೆ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಅವರ ಮಗಳು 800 ಮೀಟರ್ ಓಡುತ್ತಾಳೆ. ಆಗ ಅವಳಿಗೆ 16 ವರ್ಷ. ಒಂದೇ ಸೀಸನ್‌ನಲ್ಲಿ ಟೈಮಿಂಗ್ ಚೆನ್ನಾಗಿ ಇಳಿಸಿಕೊಂಡಿದ್ದಳು. ಮೆಡಲ್ ಬಂದ ಮಾರನೇ ದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಬರೆದರು: "ಇಂಜೆಕ್ಷನ್ ತಗೊಂಡೇ ಓಡಿದ್ದು, ನಂಗೊತ್ತು." ಅಂದರೆ ಡೋಪಿಂಗ್, ನಿಷೇಧಿತ ಮದ್ದು ತಗೊಂಡು ಓಡಿದ್ದು ಅಂತ. ಆ ಅಪ್ಪ ಕೇಳಿದ್ದು ಇಷ್ಟೇ: "ಸಾರ್, ಇವರ ಮೇಲೆ ಕೇಸ್ ಹಾಕಬಹುದಾ?"

ನಾನು ಆಗ "ಬಿಡಿ, ನಾಲ್ಕು ದಿನ ಮಾತಾಡಿ ಸುಮ್ಮನಾಗ್ತಾರೆ" ಅಂದುಬಿಟ್ಟೆ. ಅವರು ಸುಮ್ಮನಾಗಲಿಲ್ಲ. ಮುಂದಿನ ಕ್ರೀಡಾಕೂಟದಲ್ಲಿ ಹುಡುಗಿಯ ಎದುರೇ ಅದೇ ಮಾತು ಬಂತು. ಆ ಹೊತ್ತಿಗೆ ಗುಂಪಿನ ಮೆಸೇಜ್ ಅಳಿಸಿ ಹೋಗಿತ್ತು, ಸ್ಕ್ರೀನ್‌ಶಾಟ್ ಕೂಡ ಯಾರ ಹತ್ತಿರವೂ ಇರಲಿಲ್ಲ. ಅವತ್ತು ನಾನು ಹೇಳಬೇಕಿದ್ದ ಮಾತುಗಳನ್ನು ಈಗ ಬರೆಯುತ್ತಿದ್ದೇನೆ. ಕ್ರೀಡಾಪಟುಗಳಿಗೆ, ಅವರ ಅಪ್ಪ ಅಮ್ಮಂದಿರಿಗೆ, ಕೋಚ್‌ಗಳಿಗೆ ಇದು ಉಪಯೋಗಕ್ಕೆ ಬರಲಿ.

ಮೊದಲಿಗೆ ಒಂದು ನಿಜವಾದ ಕೇಸ್ ನೋಡೋಣ. ಹೆಜ್ಜೆಗಳೆಲ್ಲ ಅದರಲ್ಲೇ ಇವೆ.

ನಡಾಲ್ ಏನು ಮಾಡಿದರು

2016ರ ಮಾರ್ಚ್. ಫ್ರಾನ್ಸ್‌ನ ಒಂದು ಟಿವಿ ಕಾರ್ಯಕ್ರಮದಲ್ಲಿ ರೋಸ್ಲಿನ್ ಬಾಶ್ಲೊ ಮಾತಾಡುತ್ತಿದ್ದರು. ಹಿಂದೆ ಆ ದೇಶದ ಆರೋಗ್ಯ ಮತ್ತು ಕ್ರೀಡಾ ಸಚಿವೆ ಆಗಿದ್ದವರು. ರಫೆಲ್ ನಡಾಲ್ 2012ರಲ್ಲಿ ಸುಮಾರು ಏಳು ತಿಂಗಳು ಟೆನಿಸ್ ಆಡಿರಲಿಲ್ಲ. ಅದಕ್ಕೆ ಮೊಣಕಾಲಿನ ನೋವು ಕಾರಣ ಅಲ್ಲ, ಬಹುಶಃ ಡೋಪಿಂಗ್ ಪರೀಕ್ಷೆ ಪಾಸಿಟಿವ್ ಬಂದಿದ್ದೇ ಕಾರಣ ಎಂಬ ಅರ್ಥದ ಮಾತು ಅವರಿಂದ ಬಂತು. ಕೈಯಲ್ಲಿ ಪುರಾವೆ ಇರಲಿಲ್ಲ.

ನಡಾಲ್ ಎರಡು ಕೆಲಸ ಮಾಡಿದರು. ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. ಅದರ ಜೊತೆಗೇ ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಅಧ್ಯಕ್ಷರಿಗೆ ಪತ್ರ ಬರೆದು, ನನ್ನ ಎಲ್ಲ ಪರೀಕ್ಷೆಗಳ ಫಲಿತಾಂಶ ಮತ್ತು ಜೈವಿಕ ಪಾಸ್‌ಪೋರ್ಟಿನ (ವರ್ಷಗಟ್ಟಲೆಯ ರಕ್ತ, ಮೂತ್ರ ಪರೀಕ್ಷೆಗಳ ದಾಖಲೆ) ವಿವರವನ್ನು ಜನರ ಮುಂದೆ ಇಡಿ ಎಂದು ಕೇಳಿದರು. ನಡಾಲ್ ಯಾವತ್ತೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿಲ್ಲ, ಅಮಾನತಾಗಿಯೂ ಇಲ್ಲ, ದಾಖಲೆ ಬಿಡುಗಡೆ ಮಾಡಲು ಅವರು ಸ್ವತಂತ್ರರು ಎಂದು ಫೆಡರೇಷನ್ ಹೇಳಿತು. 2017ರ ನವೆಂಬರ್‌ನಲ್ಲಿ ತೀರ್ಪು ಬಂತು. ಬಾಶ್ಲೊ 10,000 ಯೂರೊ ಪರಿಹಾರ ಕೊಡಬೇಕು, ಮೇಲೆ 500 ಯೂರೊ ದಂಡ, ಆ ದಂಡ ಅಮಾನತಿನಲ್ಲಿ, ಅಂದರೆ ಸದ್ಯಕ್ಕೆ ಕಟ್ಟಬೇಕಿಲ್ಲ. ನಡಾಲ್ ಕೇಳಿದ್ದು 1 ಲಕ್ಷ ಯೂರೊ.

ಹತ್ತನೇ ಒಂದು ಭಾಗ ಸಿಕ್ಕಿತು. ಆದರೂ ನಾನು ಇದನ್ನು ಪೂರ್ತಿ ಗೆಲುವು ಅಂತಲೇ ಎಣಿಸುತ್ತೇನೆ. ಕೋರ್ಟಿಗೆ ಹೋದ ಮನುಷ್ಯ ತನ್ನ ದಾಖಲೆಯ ಬಾಗಿಲನ್ನೂ ತಾನೇ ತೆರೆದ. ಮೊಕದ್ದಮೆ ಹೂಡುವುದು ಯಾರಿಗೂ ಸಾಧ್ಯ. ದಾಖಲೆ ತೆರೆದಿಡುವ ಧೈರ್ಯ ಮುಚ್ಚಿಡಲು ಏನೂ ಇಲ್ಲದವರಿಗೆ ಸುಲಭವಾಗಿ ಬರುತ್ತದೆ.

ಮೊದಲ ಹೆಜ್ಜೆ: ಬಾಗಿಲು ಹಾಕಿಕೊಂಡು ನಿಜ ಮಾತಾಡಿ

ವಕೀಲರ ಹತ್ತಿರ ಹೋಗುವ ಮೊದಲು ಕ್ರೀಡಾಪಟು, ಮನೆಯವರು, ಕೋಚ್ ಒಟ್ಟಿಗೆ ಕೂರಬೇಕು. ಏನೇನು ತಗೊಂಡಿದ್ದೀಯ? ಪ್ರೋಟೀನ್ ಪುಡಿ, ಜಿಮ್‌ನವರು ಕೊಟ್ಟ ಮಾತ್ರೆ, ನೋವಿಗೆ ಹಾಕಿಸಿಕೊಂಡ ಇಂಜೆಕ್ಷನ್, ಕೆಮ್ಮಿನ ಸಿರಪ್, ನಾಟಿ ಔಷಧಿ, ಎಲ್ಲವನ್ನೂ ಬರೆದಿಡಿ. ಬೈಯುವುದಕ್ಕೆ ಇದು ಹೊತ್ತಲ್ಲ. ಹೆದರಿದ ಮಗು ಅರ್ಧ ಹೇಳುತ್ತೆ, ಉಳಿದರ್ಧ ಕೋರ್ಟಿನಲ್ಲಿ ಹೊರಗೆ ಬರುತ್ತೆ.

ಈ ಹೆಜ್ಜೆಯನ್ನು ಮೊದಲು ಇಟ್ಟಿದ್ದಕ್ಕೆ ಕಾರಣ ಅಮೆರಿಕದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 2004ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಅವರ ಮೇಲಿದ್ದ ಅನುಮಾನಗಳ ಬಗ್ಗೆ ಬರೆಯಿತು. ಅವರು ಮೊಕದ್ದಮೆ ಹೂಡಿದರು. ಇಂಗ್ಲೆಂಡಿನ ಕಾನೂನಿನಲ್ಲಿ ಬರೆದದ್ದು ನಿಜ ಅಂತ ಸಾಬೀತು ಮಾಡುವ ಹೊರೆ ಪತ್ರಿಕೆಯ ಮೇಲೇ. 2006ರಲ್ಲಿ ಪತ್ರಿಕೆ 3 ಲಕ್ಷ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ತಂಡದಲ್ಲಿ ಮಸಾಜ್ ಕೆಲಸ ಮಾಡುತ್ತಿದ್ದ ಎಮ್ಮಾ ಒರೈಲಿ ಕಂಡದ್ದನ್ನು ಹೇಳಿದ್ದಕ್ಕೆ ಅವರ ಮೇಲೂ ಕೇಸ್ ಬಿತ್ತು. 2012ರಲ್ಲಿ ಅಮೆರಿಕದ ಡೋಪಿಂಗ್ ತಡೆ ಸಂಸ್ಥೆಯ ವರದಿ ಬಂದು ಏಳು ಟೂರ್ ಡಿ ಫ್ರಾನ್ಸ್ ಪಟ್ಟಗಳೂ ಹೋದವು. 2013ರ ಜನವರಿಯಲ್ಲಿ ಅವರೇ ಟಿವಿಯಲ್ಲಿ ಒಪ್ಪಿಕೊಂಡರು. ಪತ್ರಿಕೆ ತನ್ನ ಹಣ ವಾಪಸ್ ಕೇಳಿ ಅದಕ್ಕೂ ಮೊದಲೇ ದಾವೆ ಹೂಡಿತ್ತು, ಅದೂ 2013ರಲ್ಲಿ ರಾಜಿಯಲ್ಲಿ ಮುಗಿಯಿತು.

ಅಮೆರಿಕದ ಓಟಗಾರ್ತಿ ಮರಿಯನ್ ಜೋನ್ಸ್ ಕೂಡ ಹಾಗೇ. ಕ್ರೀಡಾಪಟುಗಳಿಗೆ ನಿಷೇಧಿತ ಮದ್ದು ಪೂರೈಸುತ್ತಿದ್ದ ವಿಕ್ಟರ್ ಕಾಂಟೆ ಟಿವಿಯಲ್ಲಿ ಹೇಳಿದ ಮಾತಿಗೆ 2004ರಲ್ಲಿ ಎರಡೂವರೆ ಕೋಟಿ ಡಾಲರ್ ಕೇಳಿ ಮೊಕದ್ದಮೆ ಹಾಕಿದ್ದರು. 2007ರಲ್ಲಿ ತಾವು ತಗೊಂಡಿದ್ದು ನಿಜ ಎಂದರು.

ಇವರಿಬ್ಬರ ಸುಳ್ಳಿನ ಬೆಲೆಯನ್ನು ಇವತ್ತಿಗೂ ನಿಜವಾದ ಕ್ರೀಡಾಪಟುಗಳು ತೆರುತ್ತಿದ್ದಾರೆ. ಯಾರಾದರೂ ಕೇಸ್ ಹಾಕಿದರೆ "ಆರ್ಮ್‌ಸ್ಟ್ರಾಂಗೂ ಹಾಕಿದ್ದ ಅಲ್ವಾ" ಅನ್ನುತ್ತಾರೆ. ಅದಕ್ಕೇ ಹೇಳುತ್ತೇನೆ, ಮನೆಯೊಳಗಿನ ಉತ್ತರದಲ್ಲಿ ಸಣ್ಣ ಸಂಶಯ ಇದ್ದರೂ ಕೋರ್ಟಿಗೆ ಹೋಗಬೇಡಿ. ಡೋಪಿಂಗ್ ನಿಯಮ ಗೊತ್ತಿರುವ ವಕೀಲರನ್ನು ಮೊದಲು ಕಾಣಿ.

ಎರಡನೇ ಹೆಜ್ಜೆ: ಅವರು ಹೇಳಿದ್ದು ಏನು, ಅಕ್ಷರ ಅಕ್ಷರವಾಗಿ

ಕೋಪದಲ್ಲಿ ನಮಗೆ ಕೇಳಿಸುವುದು ಒಂದು, ಅವರು ಬರೆದದ್ದು ಇನ್ನೊಂದು. ಬರೆದಿದ್ದನ್ನು ಹಾಗೇ ಒಂದು ಹಾಳೆಗೆ ಇಳಿಸಿ. "ನಂಬೋಕಾಗಲ್ಲ, ಇಷ್ಟು ಬೇಗ ಇಷ್ಟು ಟೈಮಿಂಗಾ?" ಅನ್ನುವುದು ಅಭಿಪ್ರಾಯ. "ಸ್ಟೀರಾಯ್ಡ್ ತಗೊಂಡಿದ್ದಾಳೆ" ಅನ್ನುವುದು ಘಟನೆಯ ಬಗ್ಗೆ ಮಾತು. ಎರಡನೆಯದು ಸುಳ್ಳಾಗಿದ್ದರೆ ಕೇಸ್ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲನೆಯದಕ್ಕೆ ಕಷ್ಟ. "ಬಹುಶಃ" ಅಂತ ಸೇರಿಸಿದ ಮಾತ್ರಕ್ಕೆ ಪಾರಾಗುವುದಿಲ್ಲ, ನಡಾಲ್ ಕೇಸೇ ಸಾಕ್ಷಿ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚೀನಾದ 16 ವರ್ಷದ ಯೆ ಶಿವೆನ್ 400 ಮೀಟರ್ ಮೆಡ್ಲೆ ಈಜಿನಲ್ಲಿ ವಿಶ್ವ ದಾಖಲೆ ಮಾಡಿದಳು. ಅಮೆರಿಕದ ಹಿರಿಯ ಕೋಚ್ ಜಾನ್ ಲಿಯೊನಾರ್ಡ್ ಅದನ್ನು ಕಳವಳ ತರುವ ಸಾಧನೆ ಎಂದರು. ಅವಳ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಆ ಮಾತು ಆ ಹುಡುಗಿಯನ್ನು ಎಷ್ಟು ನೋಯಿಸಿರಬೇಡ! ಆದರೆ ನೋವಾಗಿದೆ ಅನ್ನುವುದು ಬೇರೆ, ಕಾನೂನಿನ ಕಣ್ಣಿನಲ್ಲಿ ಮಾನನಷ್ಟ ಅನ್ನುವುದು ಬೇರೆ.

ಇಲ್ಲಿ ಪ್ರಕರಣದ ಹಂತವನ್ನೂ ನೋಡಬೇಕು. ಸ್ಯಾಂಪಲನ್ನು ಎ, ಬಿ ಎಂದು ಎರಡು ಭಾಗ ಮಾಡುತ್ತಾರೆ. ಮೊದಲು ಪರೀಕ್ಷಿಸುವ ಎ ಸ್ಯಾಂಪಲ್‌ನಲ್ಲಿ ಏನೋ ಕಂಡಿದೆ ಅಂದರೆ ಅಪರಾಧ ಸಾಬೀತಾಗಿದೆ ಅಂತಲ್ಲ. ಸೈಕಲ್ ಪಟು ಕ್ರಿಸ್ ಫ್ರೂಮ್ ಅವರ 2017ರ ಸೆಪ್ಟೆಂಬರ್ ಸ್ಯಾಂಪಲ್‌ನಲ್ಲಿ ಆಸ್ತಮಾ ಔಷಧಿ ಸಾಲ್ಬುಟಮಾಲ್ ಮಿತಿಗಿಂತ ಜಾಸ್ತಿ ಇತ್ತು. ಡಿಸೆಂಬರ್‌ನಲ್ಲಿ ಸುದ್ದಿ ಸೋರಿತು. 2018ರ ಜುಲೈನಲ್ಲಿ ಸೈಕ್ಲಿಂಗ್ ಒಕ್ಕೂಟ ಪ್ರಕರಣವನ್ನು ಮುಚ್ಚಿತು, ಶಿಕ್ಷೆ ಇಲ್ಲ. ನಡುವಿನ ತಿಂಗಳುಗಳಲ್ಲಿ "ಸ್ಯಾಂಪಲ್‌ನಲ್ಲಿ ಇಷ್ಟು ಪ್ರಮಾಣ ಸಿಕ್ಕಿದೆ, ವಿಚಾರಣೆ ನಡೆಯುತ್ತಿದೆ" ಎಂದು ಬರೆದ ಪತ್ರಿಕೆ ತಪ್ಪು ಮಾಡಿಲ್ಲ. "ಫ್ರೂಮ್ ಮೋಸಗಾರ, ಸಾಬೀತಾಯ್ತು" ಎಂದು ಬರೆದಿದ್ದರೆ ಅದು ಸುಳ್ಳು.

ಶಿಕ್ಷೆ ಆಗಿಹೋಗಿದ್ದರೂ ಎಲ್ಲ ಮಾತೂ ನಿಜ ಆಗುವುದಿಲ್ಲ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದವರು. 2011ರಲ್ಲಿ ಅವರೂ ಸೇರಿ ಹಲವು ಓಟಗಾರ್ತಿಯರ ಸ್ಯಾಂಪಲ್ ಪಾಸಿಟಿವ್ ಬಂತು. ಕೋಚ್ ಕೊಟ್ಟ ಜಿನ್‌ಸೆಂಗ್ ಎಂಬ ಬೇರಿನ ಔಷಧಿಯಿಂದ ಹೀಗಾಯಿತು ಎಂದು ಅವರು ಹೇಳಿದರು. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ ಸಮಿತಿ ಒಂದು ವರ್ಷ ನಿಷೇಧ ಹಾಕಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ನಿಷೇಧ ಆಗಿತ್ತು ಎಂದು ಬರೆಯುವುದು ನಿಜ, ಅದಕ್ಕೆ ಕೇಸ್ ಹಾಕಲಾಗದು. ಬೇಕಂತಲೇ ಸೂಜಿ ಚುಚ್ಚಿಕೊಂಡರು ಅನ್ನುವುದು ಬೇರೆಯೇ ಆರೋಪ, ಅದಕ್ಕೆ ಬೇರೆ ಪುರಾವೆ ಬೇಕು. ಡೋಪಿಂಗ್ ನಿಯಮದಲ್ಲಿ ಮೈಯಲ್ಲಿ ಮದ್ದು ಸಿಕ್ಕರೆ ಸಾಕು, ಉದ್ದೇಶ ಏನೇ ಇದ್ದರೂ ಹೊಣೆ ಕ್ರೀಡಾಪಟುವಿನದು. ಮಾನನಷ್ಟದ ಲೆಕ್ಕದಲ್ಲಿ ಉದ್ದೇಶದ ಬಗ್ಗೆ ಆಡಿದ ಮಾತಿಗೂ ತೂಕ ಇದೆ.

ಮೂರನೇ ಹೆಜ್ಜೆ: ಅವತ್ತೇ ಸಾಕ್ಷಿ ಎತ್ತಿಡಿ

ಆ ಅಪ್ಪನಿಗೆ ನಾನು ಮೊದಲು ಹೇಳಬೇಕಿದ್ದುದು ಇದನ್ನೇ. ಉತ್ತರ ಕೊಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಬರೆದವರ ಹೆಸರು, ನಂಬರ್, ದಿನಾಂಕ, ಹೊತ್ತು ಕಾಣುವಂತಿರಲಿ. ವಾಟ್ಸ್‌ಆ್ಯಪ್ ಆದರೆ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ. ವಿಡಿಯೊ ಆದರೆ ಡೌನ್‌ಲೋಡ್ ಮಾಡಿ, ಲಿಂಕ್ ಪ್ರತ್ಯೇಕವಾಗಿ ಬರೆದಿಡಿ. ಪತ್ರಿಕೆ ಆದರೆ ಇಡೀ ಪುಟ ಇಟ್ಟುಕೊಳ್ಳಿ, ಕತ್ತರಿಸಿದ ತುಂಡು ಸಾಲದು. ಬಾಯಿಮಾತಾದರೆ ಅಲ್ಲಿದ್ದು ಕೇಳಿಸಿಕೊಂಡ ಇಬ್ಬರು ಮೂವರ ಹೆಸರು ಗುರುತು ಹಾಕಿಕೊಳ್ಳಿ.

ಮೆಸೇಜ್ ಬಂದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಪ್ರತಿ ಕೋರ್ಟಿಗೆ ಹೋಗಬೇಕಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗ ನೀವು ಕೊಡುವುದು, ಇನ್ನೊಂದು ಭಾಗ ತಜ್ಞರು ಕೊಡುವುದು. ವಕೀಲರು ಇದನ್ನು ಮಾಡಿಸುತ್ತಾರೆ, ಆದರೆ ಮೂಲ ನಿಮ್ಮ ಹತ್ತಿರ ಇದ್ದರೆ ಮಾತ್ರ.

ಆಮೇಲೆ ಬಾಯಿಗೆ ಬೀಗ. ಅದೇ ಗುಂಪಿನಲ್ಲಿ ತಿರುಗಿ ಬೈಯಬೇಡಿ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ" ಅನ್ನುವವರು ಕಾಯುತ್ತಿರುತ್ತಾರೆ. ನೀವು ಬರೆದ ಬೈಗುಳ ನಾಳೆ ನಿಮ್ಮ ಮೇಲೆಯೇ ಕೇಸ್ ಆಗಬಹುದು.

ನಾಲ್ಕನೇ ಹೆಜ್ಜೆ: ನಿಮ್ಮ ದಾಖಲೆ ನೀವೇ ಒಟ್ಟುಮಾಡಿ

ಸ್ಯಾಂಪಲ್ ಕೊಟ್ಟಾಗಲೆಲ್ಲ ಡೋಪಿಂಗ್ ಕಂಟ್ರೋಲ್ ಫಾರಂನ ಒಂದು ಪ್ರತಿ ಕ್ರೀಡಾಪಟುವಿಗೆ ಸಿಗುತ್ತದೆ. ಹೆಚ್ಚಿನವರು ಅದನ್ನು ಕಿಟ್ ಬ್ಯಾಗಿನಲ್ಲಿ ಮಡಚಿಟ್ಟು ಕಳೆದುಕೊಳ್ಳುತ್ತಾರೆ. ಒಂದು ಫೈಲ್ ಮಾಡಿ, ಎಲ್ಲವನ್ನೂ ಅದಕ್ಕೆ ಹಾಕಿ. ನಾಡಾದ ಪರೀಕ್ಷಾ ಪಟ್ಟಿಯಲ್ಲಿ ಇರುವವರು ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ ಆ್ಯಡಮ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತಮ್ಮ ವಿವರ ನೋಡಬಹುದು. ನಡಾಲ್‌ಗೂ ಫೆಡರೇಷನ್ ಅದನ್ನೇ ತೋರಿಸಿತ್ತು. ವೈದ್ಯರ ಚೀಟಿ, ಬಿಲ್, ಕುಡಿದ ಪುಡಿಯ ಡಬ್ಬಿಯ ಲೇಬಲ್ ಫೋಟೊ, ತರಬೇತಿಯ ಡೈರಿ, ಹಳೆಯ ಟೈಮಿಂಗ್‌ಗಳ ಪಟ್ಟಿ ಎಲ್ಲವೂ ಬೇಕು. ಟೈಮಿಂಗ್ ಒಮ್ಮೆಗೇ ಇಳಿದಂತೆ ಹೊರಗಿನವರಿಗೆ ಕಂಡರೂ, ಡೈರಿಯಲ್ಲಿ ಅದು ವಾರ ವಾರವೂ ಇಳಿದದ್ದು ಕಾಣುತ್ತದೆ.

ಚಿಕಿತ್ಸೆಗಾಗಿ ನಿಷೇಧಿತ ಔಷಧಿ ಬೇಕಾದವರಿಗೆ ಮೊದಲೇ ಅನುಮತಿ ಸಿಗುತ್ತದೆ, ಟಿಯುಇ ಅನ್ನುತ್ತಾರೆ. 2016ರ ಸೆಪ್ಟೆಂಬರ್‌ನಲ್ಲಿ ಫ್ಯಾನ್ಸಿ ಬೇರ್ಸ್ ಎಂಬ ಹ್ಯಾಕರ್ ಗುಂಪು ವಾಡಾ ಕಡತಗಳನ್ನು ಕದ್ದು ಜಿಮ್ನಾಸ್ಟ್ ಸಿಮೋನ್ ಬೈಲ್ಸ್, ಟೆನಿಸ್‌ನ ಸೆರೆನಾ ವಿಲಿಯಮ್ಸ್ ಅವರ ಈ ಅನುಮತಿಗಳನ್ನು ಹೊರಹಾಕಿತು. ಬೈಲ್ಸ್ ಅಡಗಲಿಲ್ಲ. ಚಿಕ್ಕಂದಿನಿಂದ ಎಡಿಎಚ್‌ಡಿಗೆ (ಗಮನ ಒಂದೆಡೆ ನಿಲ್ಲದ ತೊಂದರೆ) ಔಷಧಿ ತಗೊಳ್ಳುತ್ತಿದ್ದೇನೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು. ಅನುಮತಿ ಇದ್ದರೆ ಅದು ಡೋಪಿಂಗ್ ಅಲ್ಲ. ಆ ಪತ್ರವೂ ಫೈಲಿನಲ್ಲಿರಲಿ.

ಒಂದು ಎಚ್ಚರಿಕೆ. ಪರೀಕ್ಷೆ ನೆಗೆಟಿವ್ ಇದೆ ಅಂದ ಮಾತ್ರಕ್ಕೆ ವಾದ ಮುಗಿಯುವುದಿಲ್ಲ. ಆರ್ಮ್‌ಸ್ಟ್ರಾಂಗ್ ಕೂಡ ವರ್ಷಗಟ್ಟಲೆ ಅದನ್ನೇ ಹೇಳಿದರು. ಸ್ಯಾಂಪಲ್‌ಗಳನ್ನು 10 ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷಿಸಬಹುದು. ನೆಗೆಟಿವ್ ಫಲಿತಾಂಶದ ಜೊತೆ ಉಳಿದ ಕಾಗದವೂ ಒಂದೇ ಕಥೆ ಹೇಳಬೇಕು.

ಐದನೇ ಹೆಜ್ಜೆ: ತಿದ್ದಿಕೊಳ್ಳಲು ಒಂದು ಅವಕಾಶ

ನೇರವಾಗಿ ಕೇಸ್ ಬೇಡ. ಮೊದಲು ಬರೆದವರಿಗೆ ವಕೀಲರ ನೋಟಿಸ್ ಹೋಗಲಿ. ಯಾವ ಮಾತು ಸುಳ್ಳು, ಏಕೆ ಸುಳ್ಳು, ಏನು ಮಾಡಬೇಕು, ಎಷ್ಟು ದಿನದಲ್ಲಿ ಅಂತ ಅದರಲ್ಲಿ ಇರಲಿ. ಬೆದರಿಕೆಯ ಭಾಷೆ ಬೇಡ. ಹೆಚ್ಚಿನ ಊರ ಮಟ್ಟದ ಪ್ರಕರಣಗಳು ಕ್ಷಮೆಯಲ್ಲೇ ಮುಗಿಯಬೇಕು, ಮುಗಿದರೆ ಒಳ್ಳೆಯದು. ಆದರೆ ಸುಳ್ಳು ಎಲ್ಲಿ ಹರಡಿತೋ ಕ್ಷಮೆಯೂ ಅಲ್ಲೇ ಬರಲಿ. 200 ಜನರ ಗುಂಪಿನಲ್ಲಿ ಬೈದು, ಫೋನ್ ಮಾಡಿ "ಸಾರಿ" ಅಂದರೆ ಒಪ್ಪಬೇಡಿ.

ಸಾಮಾಜಿಕ ಜಾಲತಾಣದ ಪೋಸ್ಟ್ ಆದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 2021ರ ಐಟಿ ನಿಯಮದಂತೆ 24 ಗಂಟೆಯಲ್ಲಿ ದೂರು ತಲುಪಿದೆ ಎಂದು ಹೇಳಬೇಕು, ನಿಯಮ ಹೇಳಿದ ಗಡುವಿನೊಳಗೆ ಇತ್ಯರ್ಥ ಮಾಡಬೇಕು. ಪತ್ರಿಕೆ ಆದರೆ ಮೊದಲು ಸಂಪಾದಕರಿಗೆ ಪತ್ರ, ಆಮೇಲೆ ಭಾರತೀಯ ಪತ್ರಿಕಾ ಮಂಡಳಿ. ಮಂಡಳಿ ಪರಿಹಾರ ಕೊಡಿಸುವುದಿಲ್ಲ, ತಪ್ಪು ಎಂದು ಹೇಳುತ್ತದೆ. ಕೆಲವರಿಗೆ ಅಷ್ಟೇ ಬೇಕಿರುತ್ತದೆ.

ಆರನೇ ಹೆಜ್ಜೆ: ಯಾವ ಕೋರ್ಟು, ಯಾವ ದಾರಿ, ಎಷ್ಟು ಗಡುವು

ನಮ್ಮಲ್ಲಿ ಎರಡು ದಾರಿ. ಒಂದು ಸಿವಿಲ್ ದಾವೆ. ಪರಿಹಾರ ಕೇಳಬಹುದು, ಮತ್ತೆ ಹಾಗೆ ಬರೆಯದಂತೆ ತಡೆ ಕೇಳಬಹುದು. ಪ್ರಕಟವಾದ ಅಥವಾ ಆಡಿದ ದಿನದಿಂದ ಒಂದು ವರ್ಷದೊಳಗೆ ಹೂಡಬೇಕು. ಈ ಒಂದು ವರ್ಷ ಬೇಗ ಕರಗುತ್ತದೆ, ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ಫ್ರಾನ್ಸ್‌ನಲ್ಲಿ ಗಡುವು ಮೂರೇ ತಿಂಗಳು, ನಡಾಲ್ ಅಷ್ಟು ಬೇಗ ಹೂಡಿದ್ದು ನೆನಪಿರಲಿ.

ಇನ್ನೊಂದು ಕ್ರಿಮಿನಲ್ ದಾರಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಎರಡೂ, ಅಥವಾ ಸಮುದಾಯ ಸೇವೆ. ಸ್ಟೇಷನ್ನಿಗೆ ಹೋದರೆ ಪೊಲೀಸರು ಎಫ್‌ಐಆರ್ ಹಾಕುವ ಅಪರಾಧ ಇದಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಗಡುವು ಮೂರು ವರ್ಷ. ಕ್ರೀಡಾಪಟುವಿಗೆ 18 ತುಂಬಿಲ್ಲದಿದ್ದರೆ ಕೋರ್ಟಿನ ಅನುಮತಿ ಪಡೆದು ಅವರ ಪರವಾಗಿ ಬೇರೆಯವರು ದೂರು ಕೊಡಬಹುದು. ನನ್ನ ಮನಸ್ಸು ಸಿವಿಲ್ ದಾರಿಯ ಕಡೆಗೇ. ಒಂದು ಸುಳ್ಳು ಮಾತಿಗೆ ಜೈಲಿನ ಭಯ ಹುಟ್ಟಿಸಿದರೆ, ನಿಜವಾದ ಮೋಸ ಕಂಡವರೂ ಬಾಯಿ ಬಿಡುವುದಿಲ್ಲ.

ವಿಚಾರಣೆಗೆ ಮೊದಲೇ ಮಾಧ್ಯಮದ ಬಾಯಿ ಮುಚ್ಚಿಸುವ ತಡೆಯಾಜ್ಞೆಯ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಅಂಥ ಆದೇಶ ಕೊಡುವಾಗ ಎಚ್ಚರ ಇರಲಿ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿ ಸಂಸ್ಥೆಯ ಪ್ರಕರಣದಲ್ಲಿ ಕೆಳ ಕೋರ್ಟುಗಳಿಗೆ ಹೇಳಿದೆ.

ಎಲ್ಲಿ ಹೂಡುವುದು? ಎದುರಾಳಿ ಇರುವ ಊರು, ಇಲ್ಲವೇ ಮಾನಕ್ಕೆ ಧಕ್ಕೆ ಆದ ಊರು. ಎದುರಾಳಿ ಹೊರದೇಶದವರಾದರೆ ಎರಡು ಸಲ ಯೋಚಿಸಿ. 400 ಮೀಟರ್ ಓಟದಲ್ಲಿ ವಿಶ್ವ ದಾಖಲೆ ಮಾಡಿದ್ದ ಬುಚ್ ರೆನಾಲ್ಡ್ಸ್ ಅವರ 1990ರ ಸ್ಯಾಂಪಲ್ ಪಾಸಿಟಿವ್ ಬಂತು. ಅದು ತಪ್ಪು ಪರೀಕ್ಷೆ ಎಂದು ಅವರು ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ ಮೇಲೆ ದಾವೆ ಹೂಡಿದರು. ಮಾನನಷ್ಟವೂ ಅದರಲ್ಲಿ ಒಂದು ಅಂಶ. 1992ರಲ್ಲಿ ಓಹಿಯೊದ ಕೋರ್ಟ್ 2 ಕೋಟಿ 73 ಲಕ್ಷ ಡಾಲರ್ ಕೊಡಿಸಿತು. 1994ರಲ್ಲಿ ಮೇಲಿನ ಕೋರ್ಟ್, ಈ ಸಂಸ್ಥೆಯ ಮೇಲೆ ಓಹಿಯೊ ಕೋರ್ಟಿಗೆ ಅಧಿಕಾರವೇ ಇಲ್ಲ ಎಂದು ಎಲ್ಲವನ್ನೂ ರದ್ದು ಮಾಡಿತು.

ಗೆದ್ದ ಮೇಲೂ ಹಣ ಕೈಗೆ ಬರಬೇಕಲ್ಲ! ಫ್ರಾನ್ಸ್‌ನ ಲ ಮೊಂಡ್ ಪತ್ರಿಕೆ 2006ರಲ್ಲಿ ರಿಯಲ್ ಮ್ಯಾಡ್ರಿಡ್ ಫುಟ್‌ಬಾಲ್ ಕ್ಲಬ್ಬನ್ನು ಡೋಪಿಂಗ್ ವೈದ್ಯರೊಬ್ಬರ ಜೊತೆ ಸೇರಿಸಿ ಬರೆಯಿತು. ಸ್ಪೇನ್ ಕೋರ್ಟುಗಳು ಕ್ಲಬ್ಬಿಗೆ 3 ಲಕ್ಷ ಯೂರೊ ಪರಿಹಾರ ಕೊಡಿಸಿದವು. ಅದನ್ನು ಫ್ರಾನ್ಸ್‌ನಲ್ಲಿ ವಸೂಲಿ ಮಾಡುವ ಜಗಳ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ಪತ್ರಿಕಾ ಸ್ವಾತಂತ್ರ್ಯಕ್ಕೆ ಎದ್ದು ಕಾಣುವ ಧಕ್ಕೆ ಆಗುವುದಾದರೆ ಅಂಥ ತೀರ್ಪನ್ನು ಜಾರಿ ಮಾಡಬಾರದು ಎಂದು ಆ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅಲ್ಲಿಗೆ 18 ವರ್ಷ. ಸುಮ್ನೆ ದೊಡ್ಡ ಮೊತ್ತ ಬರೆದು ದಾವೆ ಹೂಡುವ ಮೊದಲು ಇದನ್ನು ನೋಡಿ. ಕೋರ್ಟ್ ಫೀಯೂ ಕೇಳಿದ ಮೊತ್ತಕ್ಕೆ ತಕ್ಕಂತೆ ಏರುತ್ತದೆ.

ಏಳನೇ ಹೆಜ್ಜೆ: ಪಾಟಿ ಸವಾಲಿಗೆ ಮನಸ್ಸು ಗಟ್ಟಿ ಮಾಡಿ

ಕೇಸ್ ಹಾಕಿದವರೇ ಮೊದಲು ಕಟಕಟೆ ಹತ್ತಬೇಕು. ಎದುರು ಪಕ್ಷದ ವಕೀಲರು ಔಷಧಿ, ತೂಕ, ಕೋಚ್ ಸಹವಾಸ, ತಪ್ಪಿಸಿಕೊಂಡ ಕ್ರೀಡಾಕೂಟ ಎಲ್ಲ ಕೇಳುತ್ತಾರೆ. ಹುಡುಗಿಯಾದರೆ ಮೈಯ ಬಗ್ಗೆಯೂ ಕೇಳಬಹುದು. ಅದರ ನಡುವೆ ತರಬೇತಿ ನಡೆಯಬೇಕು. ಬಾಕ್ಸರ್ ಮ್ಯಾನಿ ಪಕ್ಯಾವೊ 2009ರ ಡಿಸೆಂಬರ್‌ನಲ್ಲಿ ಫ್ಲಾಯ್ಡ್ ಮೇವೆದರ್ ಮೇಲೆ ಇಂಥದ್ದೇ ಕೇಸ್ ಹಾಕಿದರು. ರಾಜಿಯಾಗಿದ್ದು 2012ರಲ್ಲಿ. ಅಷ್ಟು ವರ್ಷ ಒಬ್ಬ 800 ಮೀಟರ್ ಓಟಗಾರ್ತಿಗೆ ಅಂದರೆ ಅರ್ಧ ಬಾಳು. ಹೋಗುವುದೋ ಬೇಡವೋ ಎಂದು ಅವಳನ್ನೇ ಕೇಳಿ, ಅಪ್ಪನ ಸಿಟ್ಟಿಗೆ ಅವಳು ಓಡಬಾರದು.

ಅನುಮಾನ ಇರುವವರಿಗೆ

ಆ ಗುಂಪಿನಲ್ಲಿ ಬರೆದವನಿಗೆ ನಿಜವಾಗಿಯೂ ಏನೋ ಗೊತ್ತಿದ್ದಿರಬಹುದು ಅಂತ ಒಂದು ಕ್ಷಣ ಇಟ್ಟುಕೊಳ್ಳೋಣ. ಅವನಿಗೂ ದಾರಿ ಇದೆ. ನಾಡಾಗೆ ತಿಳಿಸಬಹುದು. ವಾಡಾದ ಸ್ಪೀಕ್ ಅಪ್ ಪೋರ್ಟಲ್‌ನಲ್ಲಿ ಗುಟ್ಟಾಗಿ ಹೇಳಬಹುದು. ಅಧಿಕಾರ ಇರುವವರ ಮುಂದೆ ಒಳ್ಳೆಯ ನಂಬಿಕೆಯಿಂದ ಕೊಟ್ಟ ದೂರು ಮಾನನಷ್ಟ ಅಲ್ಲ ಎಂದು 356ನೇ ಸೆಕ್ಷನ್ನಿನ ವಿನಾಯಿತಿಗಳಲ್ಲೇ ಬರೆದಿದೆ. ಅದೇ ಮಾತು ಗುಂಪಿಗೆ ಬಿದ್ದರೆ ಆ ರಕ್ಷಣೆ ಇಲ್ಲ.

ತೀರ್ಪು ಅಥವಾ ಕ್ಷಮೆ ಬಂದ ಮೇಲೆ

ಕೊನೆಯ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಸುಳ್ಳು ಸುದ್ದಿಯ ಹಳೆಯ ಲಿಂಕ್ ಅಲ್ಲೇ ಇರುತ್ತದೆ. ಹೆಸರು ಹುಡುಕಿದರೆ ಅದೇ ಮೊದಲು ಬರುತ್ತದೆ. ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಒಂದು ಸಾಲು ಸೇರಿಸಿ: ಹಳೆಯ ಬರಹ ತೆಗೆಯಬೇಕು, ಇಲ್ಲವೇ ಅದರ ತಲೆಯ ಮೇಲೆ ತಿದ್ದುಪಡಿ ಹಾಕಬೇಕು. ಆಮೇಲೆ ತೀರ್ಪಿನ ದೃಢೀಕೃತ ಪ್ರತಿಯನ್ನು ಜಿಲ್ಲಾ ಮತ್ತು ರಾಜ್ಯ ಅಥ್ಲೆಟಿಕ್ಸ್ ಸಂಸ್ಥೆಗೆ, ಕಾಲೇಜಿಗೆ, ಹಾಸ್ಟೆಲ್ ವಾರ್ಡನ್‌ಗೆ, ಸ್ಪೋರ್ಟ್ಸ್ ಕೋಟಾದಲ್ಲಿ ಅರ್ಜಿ ಹಾಕಿದ ಇಲಾಖೆಗೆ ಕೈಯಾರೆ ತಲುಪಿಸಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಡೋಪಿಂಗ್ ಫಾರಂಗಳ ಫೈಲಿನಲ್ಲೇ ಇರಲಿ. ಮುಂದಿನ ಸಲ ಆ ಮಾತು ಬಂದ ದಿನ ಹುಡುಕುತ್ತಾ ಕೂರಬೇಕಾಗುವುದಿಲ್ಲ.